ಡಬಲ್ ಮಾರ್ಕರ್‌ನಿಂದ ಆಮ್ನಿಯೋವರೆಗೆ: ಬಸಿರಿನ ಸ್ಕ್ರೀನಿಂಗ್ ರಿಪೋರ್ಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಕುಂದಾಪುರ, ಕಾರ್ಕಳ, ಮಂಗಳೂರು ಕಡೆಯಿಂದ ಬರುವ ಬಸುರಿಯರ ಜೊತೆ ಕೂತು ಅವರ ಸ್ಕ್ರೀನಿಂಗ್ ರಿಪೋರ್ಟ್ ಓದಿ ಹೇಳುವುದು ನನ್ನ ಕೆಲಸ. ರಿಪೋರ್ಟ್ ಹಿಡಿದು ಬರುವವರಲ್ಲಿ ಹೆಚ್ಚಿನವರು ಹಿಂದಿನ ರಾತ್ರಿ ನಿದ್ದೆ ಮಾಡಿರುವುದಿಲ್ಲ. ಅವರು ಎದುರಿಗೆ ಕೂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಬರೆದು ಕಳಿಸಿದ್ದು, ಎಲ್ಲ ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಲೇಬೇಕು. ತೋರಿಸುವಾಗ ಏನು ಕೇಳಬೇಕೆಂದು ಗೊತ್ತಿರಲಿ ಎಂದು ಇದನ್ನು ಬರೆದಿದ್ದೇನೆ.

## ಟೆಸ್ಟಿಗೆ ಮೊದಲು

ನಮ್ಮ ಎರಡೂ ಮನೆಯಲ್ಲಿ ಇಂಥದ್ದು ಯಾರಿಗೂ ಇಲ್ಲ. ಮತ್ತೆ ಈ ಟೆಸ್ಟ್ ಯಾಕೆ?

ಈ ಟೆಸ್ಟ್ ಮುಖ್ಯವಾಗಿ ಹುಡುಕುವುದು ಮಗುವಿನ ಕಲಿಕೆ ನಿಧಾನವಾಗುವ ಡೌನ್ ಸಿಂಡ್ರೋಮ್ ಅನ್ನು. ಅದು ಬಹುಪಾಲು ಮನೆತನದಲ್ಲಿ ಹರಿದು ಬರುವಂಥದ್ದಲ್ಲ. ನಮ್ಮ ಪ್ರತಿ ಜೀವಕೋಶದಲ್ಲಿ ಜೀನುಗಳನ್ನು ಹೊತ್ತ 23 ಜೋಡಿ, ಅಂದರೆ 46 ಕ್ರೋಮೋಸೋಮ್‌ಗಳಿರುತ್ತವೆ. 21ನೆಯದು ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್. 18ನೆಯದು ಮೂರಾದರೆ ಎಡ್ವರ್ಡ್ಸ್, 13ನೆಯದಾದರೆ ಪಟಾವ್. ಈ ಎರಡು ತುಂಬ ಗಂಭೀರ, ಇವುಗಳಿದ್ದ ಮಕ್ಕಳಲ್ಲಿ ವರ್ಷ ದಾಟುವವರು ಕಡಿಮೆ. ಡೌನ್ ಸಿಂಡ್ರೋಮಿನ ನೂರರಲ್ಲಿ ಸುಮಾರು 95 ಸಲ ಆ ಹೆಚ್ಚುವರಿ ಕ್ರೋಮೋಸೋಮ್ ಅಂಡ ಅಥವಾ ವೀರ್ಯಾಣು ತಯಾರಾಗುವಾಗ ಆಕಸ್ಮಿಕವಾಗಿ ಸೇರಿಕೊಂಡದ್ದು. ಹಾಗಾಗಿ ಎರಡೂ ಮನೆಯಲ್ಲಿ ಯಾರಿಗೂ ಇಲ್ಲ ಎನ್ನುವುದು ಒಳ್ಳೆಯ ಸುದ್ದಿಯಾದರೂ ಈ ವಿಷಯದಲ್ಲಿ ಅದಕ್ಕೆ ದೊಡ್ಡ ತೂಕವಿಲ್ಲ.

ತಾಯಿಯ ವಯಸ್ಸು ಏರಿದ ಹಾಗೆ ಸಾಧ್ಯತೆ ಏರುತ್ತದೆ: 25ರಲ್ಲಿ ಸಾವಿರದ ಇನ್ನೂರು ಚಿಲ್ಲರೆ ಹೆರಿಗೆಗೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೂ ಹೆರಿಗೆಗಳಲ್ಲಿ ಹೆಚ್ಚಿನವು ಸಣ್ಣ ವಯಸ್ಸಿನವರದ್ದೇ. ಹಾಗಾಗಿ "ನನಗೆ ಬರೀ 26" ಎಂದು ಬಿಡುವ ಹಾಗಿಲ್ಲ.

ಡಬಲ್ ಮಾರ್ಕರ್, ಕ್ವಾಡ್ರುಪಲ್, ಎನ್‌ಐಪಿಟಿ, ಅನಾಮಲಿ ಸ್ಕ್ಯಾನ್, ಇಷ್ಟೂ ಮಾಡಿಸಬೇಕಾ?

ಇಲ್ಲ. ಮೊದಲನೆಯದ್ದು ಸರಿಯಾದ ಹೊತ್ತಿಗೆ ಆದರೆ ಎರಡನೆಯದ್ದು ಬೇಕಾಗುವುದಿಲ್ಲ.

11 ವಾರದಿಂದ 13 ವಾರ 6 ದಿನದ ಒಳಗೆ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಆಗಬೇಕು. ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂಭಾಗದ ನೀರಿನ ಪದರ (ಇದರ ದಪ್ಪವೇ ಎನ್‌ಟಿ), ಮೂಗಿನ ಎಲುಬು ನೋಡುತ್ತಾರೆ. ರಕ್ತದಲ್ಲಿ ಎರಡು ವಸ್ತು ಅಳೆಯುತ್ತಾರೆ, ಪಾಪ್-ಎ ಮತ್ತು ಬೀಟಾ ಎಚ್‌ಸಿಜಿ. ಸ್ಕ್ಯಾನನ್ನೂ ರಕ್ತದ ಅಳತೆಯನ್ನೂ ನಿಮ್ಮ ವಯಸ್ಸಿನ ಜೊತೆ ಸೇರಿಸಿ ಲೆಕ್ಕ ಹಾಕಿದರೆ ಡೌನ್ ಸಿಂಡ್ರೋಮ್ ಇರುವ ನೂರು ಬಸಿರಿನಲ್ಲಿ 85ರಿಂದ 90 ಸಿಕ್ಕುತ್ತವೆ. ಆ ಹೊತ್ತು ತಪ್ಪಿಹೋದವರಿಗೆ 15ರಿಂದ 20 ವಾರದ ಒಳಗೆ ಕ್ವಾಡ್ರುಪಲ್, ಅಂದರೆ ರಕ್ತದಲ್ಲಿ ನಾಲ್ಕು ವಸ್ತು ಅಳೆಯುವ ಟೆಸ್ಟ್. ಅದರಲ್ಲಿ ಸಿಗುವುದು ಸುಮಾರು 80. ಎನ್‌ಐಪಿಟಿ 10 ವಾರದ ಮೇಲೆ ಯಾವಾಗ ಬೇಕಾದರೂ ಆಗುತ್ತದೆ; ಅದು ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ನೋಡುವ ಟೆಸ್ಟ್. ಅನಾಮಲಿ ಸ್ಕ್ಯಾನ್ ಬೇರೆಯದೇ ವಿಷಯ. ಅದು 18ರಿಂದ 20 ವಾರದ ಸುಮಾರಿಗೆ ಹೃದಯ, ಬೆನ್ನುಹುರಿ, ಕಿಡ್ನಿ, ಕೈಕಾಲಿನ ರಚನೆ ನೋಡುವಂಥದ್ದು. ಉಳಿದ ಟೆಸ್ಟ್ ಏನೇ ಬಂದಿರಲಿ, ಅದು ಬೇಕೇ ಬೇಕು.

ನಮ್ಮ ಕಡೆ ಒಂದು ತೊಂದರೆ ಉಂಟು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎನ್ನುವ ಪದ್ಧತಿಯಲ್ಲಿ ಕೆಲವರು ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ನೆಂಟರಿಗೆ ಹೇಳುವುದನ್ನು ಎಷ್ಟು ಬೇಕಾದರೂ ಮುಂದೂಡಿ, ಡಾಕ್ಟರಿಗೆ ಮಾತ್ರ ಎರಡನೇ ತಿಂಗಳಲ್ಲೇ ಹೇಳಿ. 14ನೇ ವಾರಕ್ಕೆ ಬಂದು "ಈಗ ತಾನೇ ಮೂರು ತುಂಬಿತು" ಎಂದವರಿಗೆ ಎನ್‌ಟಿ ಸ್ಕ್ಯಾನನ್ನು ಹಿಂದಕ್ಕೆ ತಂದುಕೊಡಲು ಯಾರಿಂದಲೂ ಆಗುವುದಿಲ್ಲ.

ಬೇಡ ಅನ್ನಬಹುದಾ? ಏನೇ ಬಂದರೂ ನಾವು ಮಗುವನ್ನು ಇಟ್ಟುಕೊಳ್ಳುವವರೇ.

ಅನ್ನಬಹುದು. ಇದು ಕಡ್ಡಾಯವಲ್ಲ. ಆದರೆ ಒಂದು ಮಾತು: ಇಟ್ಟುಕೊಳ್ಳುತ್ತೇವೆ ಎಂದು ನಿರ್ಧರಿಸಿದವರಿಗೂ ಮೊದಲೇ ಗೊತ್ತಿದ್ದರೆ ಪ್ರಯೋಜನವಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೃದಯದ ತೊಂದರೆ ಇರುತ್ತದೆ. ಮಕ್ಕಳ ಹೃದ್ರೋಗ ತಜ್ಞರು ಇರುವ ಕಡೆ ಹೆರಿಗೆಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳುವುದಕ್ಕೂ, ಹುಟ್ಟಿದ ಮೂರನೇ ದಿನ ಆಂಬುಲೆನ್ಸಿನಲ್ಲಿ ಓಡುವುದಕ್ಕೂ ತುಂಬ ವ್ಯತ್ಯಾಸವಿದೆ.

ಫಾರ್ಮಿನಲ್ಲಿ ಅಷ್ಟೆಲ್ಲ ಯಾಕೆ ಕೇಳ್ತಾರೆ? ತೂಕ, ಮುಟ್ಟಿನ ತಾರೀಕು, ಶುಗರ್...

ಯಾಕೆಂದರೆ ರಿಪೋರ್ಟಿನಲ್ಲಿ ಕಾಣುವ ರಿಸ್ಕ್ ನಂಬರ್ ರಕ್ತದಿಂದ ನೇರವಾಗಿ ಬರುವುದಿಲ್ಲ, ಲೆಕ್ಕದಿಂದ ಬರುತ್ತದೆ. ತೂಕ ಹೆಚ್ಚಿದ್ದರೆ ರಕ್ತದಲ್ಲಿ ಆ ವಸ್ತುಗಳು ತೆಳುವಾಗಿ ಕಾಣುತ್ತವೆ. ಅವಳಿ ಇದ್ದರೆ ದಪ್ಪವಾಗಿ. ಬಸಿರಿನ ದಿನ ತಪ್ಪಿದರೆ ಹೋಲಿಕೆಯೇ ತಪ್ಪುತ್ತದೆ. ಆದ್ದರಿಂದ ಮುಟ್ಟಿನ ತಾರೀಕಿಗಿಂತ ಸ್ಕ್ಯಾನಿನಲ್ಲಿ ಅಳೆದ ಮಗುವಿನ ಉದ್ದವನ್ನೇ ಹಿಡಿಯುವುದು ವಾಡಿಕೆ.

ಒಬ್ಬರ ರಿಪೋರ್ಟ್ ಈಗಲೂ ನೆನಪಿದೆ. ವಯಸ್ಸು 38, ರಿಪೋರ್ಟಿನಲ್ಲಿ ದೊಡ್ಡದಾಗಿ ಹೈ ರಿಸ್ಕ್. ಜೊತೆಗೆ ಬಂದಿದ್ದ ಅತ್ತೆ ಕಾಫಿಗೆ ಎದ್ದು ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು: ಐವಿಎಫ್ ಆದದ್ದು, ಅಂಡ ದಾನಿಯದ್ದು, ದಾನಿಗೆ 24. ಫಾರ್ಮ್ ತುಂಬುವಾಗಲೂ ಅತ್ತೆ ಪಕ್ಕದಲ್ಲೇ ಇದ್ದರಂತೆ, ಹೇಳಲಿಕ್ಕೆ ಆಗಲಿಲ್ಲವಂತೆ. ಇಲ್ಲಿ ಲೆಕ್ಕಕ್ಕೆ ಬರುವುದು ಅಂಡದ ವಯಸ್ಸು. ಲ್ಯಾಬಿಗೆ ತಿಳಿಸಿ ಮತ್ತೆ ಲೆಕ್ಕ ಹಾಕಿಸಿದಾಗ ಲೋ ರಿಸ್ಕ್ ಬಂತು. ಹೊಸದಾಗಿ ರಕ್ತ ಕೊಡಬೇಕಾಗಲೂ ಇಲ್ಲ. ಇಂಥ ವಿಷಯವಿದ್ದರೆ "ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು" ಎಂದು ನರ್ಸಿಗೆ ಹೇಳಿ. ಅದು ನಿಮ್ಮ ಹಕ್ಕು.

## ರಿಪೋರ್ಟ್ ಕೈಗೆ ಬಂದ ಮೇಲೆ

1:180 ಅಂತ ಉಂಟು, ಕೆಂಪಕ್ಷರದಲ್ಲಿ ಹೈ ರಿಸ್ಕ್. ಅಂದ್ರೆ ಮಗುವಿಗೆ ಉಂಟು ಅಂತಲೇ ಅಲ್ವಾ?

ಅಲ್ಲ. ನಾನು ದಿನಕ್ಕೆ ಹೆಚ್ಚು ಸಲ ಹೇಳುವ ಮಾತು ಇದೇ.

ಒಂದು ಮದುವೆ ಹಾಲಿನಲ್ಲಿ ಊಟಕ್ಕೆ 180 ಬಸುರಿಯರು ಕೂತಿದ್ದಾರೆ ಎಂದು ನೆನೆಸಿಕೊಳ್ಳಿ. ಎಲ್ಲರ ಕೈಯಲ್ಲೂ ನಿಮ್ಮದೇ ನಂಬರಿನ ರಿಪೋರ್ಟ್, ಎಲ್ಲದರಲ್ಲೂ ಅದೇ ಕೆಂಪಕ್ಷರ. ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, 179 ಜನರ ಮಗುವಿಗೆ ಇರುವುದಿಲ್ಲ. ನೂರರ ಲೆಕ್ಕದಲ್ಲಿ ಹೇಳಿದರೆ ಸುಮಾರು ಶೇಕಡಾ 0.56. ಆ ಒಬ್ಬರು ಯಾರು ಎಂದು ಈ ಟೆಸ್ಟಿಗೆ ಗೊತ್ತಿಲ್ಲ. ಯಾರನ್ನು ಮುಂದಿನ ಕೋಣೆಗೆ ಕರೆದು ಸರಿಯಾಗಿ ನೋಡಬೇಕು ಎನ್ನುವುದಷ್ಟೇ ಅದಕ್ಕೆ ಗೊತ್ತು.

ಹಾಗಾದರೆ ಕೆಂಪಕ್ಷರ ಯಾಕೆ? ಗೆರೆಯನ್ನು ಎಲ್ಲಾದರೂ ಎಳೆಯಬೇಕಲ್ಲ. ಹೆಚ್ಚಿನ ಲ್ಯಾಬುಗಳು 1:250ರಲ್ಲಿ ಎಳೆಯುತ್ತವೆ. ಅದಕ್ಕಿಂತ ಕೆಳಗಿನ ಸಂಖ್ಯೆ ಬಂದರೆ ಯಂತ್ರ ತಾನಾಗಿ ಹೈ ರಿಸ್ಕ್ ಎಂದು ಅಚ್ಚು ಹಾಕುತ್ತದೆ. 1:248 ಬಂದವರಿಗೆ ಕೆಂಪು, 1:252 ಬಂದವರಿಗೆ ಹಸಿರು. ಇಬ್ಬರ ಮಗುವಿನ ಸ್ಥಿತಿಯಲ್ಲಿ ಏನೂ ವ್ಯತ್ಯಾಸವಿಲ್ಲ.

ಸಂಖ್ಯೆ ಸಣ್ಣದಾದಷ್ಟೂ ಸಾಧ್ಯತೆ ಹೆಚ್ಚು ಎನ್ನುವುದನ್ನೂ ಇಲ್ಲೇ ಹೇಳಬೇಕು. ಬಹಳ ಮಂದಿ ಇದನ್ನು ತಿರುವುಮುರುವಾಗಿ ಓದುತ್ತಾರೆ. "1:1500, ಎಷ್ಟು ದೊಡ್ಡ ನಂಬರ್!" ಎಂದು ಅತ್ತವರಿದ್ದಾರೆ, "1:12 ಅಷ್ಟೇ, ಪರವಾಗಿಲ್ಲ" ಎಂದು ಮನೆಗೆ ಹೋದವರೂ ಇದ್ದಾರೆ. 1:12 ಎಂದರೆ ನೂರಕ್ಕೆ ಎಂಟು. ಆಗಲೂ ಹೆಚ್ಚಿನವರ ಮಗು ಸರಿಯಾಗಿಯೇ ಇರುತ್ತದೆ, ಆದರೆ ಮುಂದಿನ ಟೆಸ್ಟನ್ನು ತಡ ಮಾಡಬಾರದ ನಂಬರ್ ಅದು.

ಎಷ್ಟೋ ಜನರಿಗೆ ಹೈ ರಿಸ್ಕ್ ಬಂದು ಮಗು ಚೆನ್ನಾಗಿಯೇ ಹುಟ್ಟಿದೆ. ಈ ಟೆಸ್ಟ್ ಸುಳ್ಳಲ್ವಾ ಹಾಗಾದ್ರೆ?

ಲೆಕ್ಕ ಮಾಡಿ ನೋಡುವ. ಮೂವತ್ತರ ಆಸುಪಾಸಿನ 10,000 ಬಸುರಿಯರು ಟೆಸ್ಟ್ ಮಾಡಿಸಿದರು ಎಂದಿಟ್ಟುಕೊಳ್ಳಿ. ಸಾವಿರಕ್ಕೆ ಒಂದರ ಹಾಗೆ ಹಿಡಿದರೆ ಹತ್ತು ಮಕ್ಕಳಿಗೆ ಡೌನ್ ಸಿಂಡ್ರೋಮ್. ಟೆಸ್ಟ್ ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯಿತು. ಆದರೆ ಉಳಿದ 9,990 ಜನರಲ್ಲಿ ನೂರಕ್ಕೆ ಐದರಂತೆ ಸುಮಾರು 500 ಜನರಿಗೂ ಹೈ ರಿಸ್ಕ್ ಎಂದಿತು. ಟೆಸ್ಟನ್ನು ಕಟ್ಟಿರುವುದೇ ಹಾಗೆ, ಒಂದು ತಪ್ಪಿಹೋಗುವುದಕ್ಕಿಂತ ಐವತ್ತು ಜನರನ್ನು ಮತ್ತೊಮ್ಮೆ ನೋಡುವುದು ಮೇಲು ಎಂಬ ಲೆಕ್ಕದಲ್ಲಿ. ನಿಮ್ಮ ಪಕ್ಕದ ಮನೆಯವರು ಆ 500ರಲ್ಲಿ ಒಬ್ಬರು. ಅವರ ಅನುಭವ ನಿಜ, ಟೆಸ್ಟೂ ಸುಳ್ಳಲ್ಲ.

ಆ 500 ಜನ ಕಳೆಯುವ ವಾರಗಳು ಸುಲಭದ್ದಲ್ಲ. ಟೆಸ್ಟಿಗೆ ಮೊದಲೇ ಇಷ್ಟನ್ನು ಯಾರಾದರೂ ಕೂತು ಹೇಳಿದ್ದರೆ ಅರ್ಧ ಹೆದರಿಕೆ ಇಳಿಯುತ್ತಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ನನಗೆ 1:4000, ಲೋ ರಿಸ್ಕ್. ಇನ್ನು ಎಂತದ್ದೂ ಹೆದರಿಕೆ ಇಲ್ಲ ಅಲ್ವಾ?

ಈ ಮೂರು ಕ್ರೋಮೋಸೋಮ್‌ಗಳ ಮಟ್ಟಿಗೆ ಹೆದರಿಕೆ ತುಂಬ ಕಡಿಮೆ. ಸೊನ್ನೆ ಅಲ್ಲ. ಹೃದಯದ ರಂಧ್ರ, ಸೀಳುತುಟಿ, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ, ಹುಟ್ಟಿನಿಂದ ಬರುವ ಕಿವುಡುತನ, ಆಟಿಸಂ ಇವು ಯಾವುವನ್ನೂ ಈ ಟೆಸ್ಟ್ ನೋಡುವುದಿಲ್ಲ. ಅನಾಮಲಿ ಸ್ಕ್ಯಾನ್ ಬಿಡಬೇಡಿ.

1:600. ಇದು ಹೈಯೂ ಅಲ್ಲ, ಲೋ ಕೂಡ ಅಲ್ಲ ಅಂದರು. ಹಾಗಾದ್ರೆ ಎಂತ?

1:250ರಿಂದ 1:1000ದ ನಡುವಿನದ್ದನ್ನು ಮಧ್ಯಮ ರಿಸ್ಕ್ ಎನ್ನುತ್ತಾರೆ. ಇಲ್ಲಿ ಸಾಮಾನ್ಯವಾಗಿ ಸೂಜಿಯ ಟೆಸ್ಟಿಗೆ (ಹೊಟ್ಟೆಗೆ ಸೂಜಿ ಹಾಕಿ ಕ್ರೋಮೋಸೋಮನ್ನೇ ನೋಡುವುದು) ನೇರವಾಗಿ ಹೋಗುವುದಿಲ್ಲ. ಎನ್‌ಐಪಿಟಿ ಮಾಡಿಸಬಹುದು, ಹಣದ ಅನುಕೂಲ ಇಲ್ಲದಿದ್ದರೆ ಅನಾಮಲಿ ಸ್ಕ್ಯಾನನ್ನು ಅನುಭವಿಗಳ ಹತ್ತಿರ ಜಾಗ್ರತೆಯಿಂದ ಮಾಡಿಸಿ ನೋಡಬಹುದು. ಎನ್‌ಐಪಿಟಿಗೆ ಡಬಲ್ ಮಾರ್ಕರಿಗಿಂತ ಹಲವು ಪಟ್ಟು ಖರ್ಚಾಗುತ್ತದೆ. ಸಾಲ ಮಾಡಿ ಮಾಡಿಸಲೇಬೇಕಾದ ನಂಬರ್ ಇದಲ್ಲ ಎಂದು ನಾನು ಹೇಳುತ್ತೇನೆ.

ಎಂಒಎಂ 0.35 ಅಂತ ಉಂಟು. ಇದು ತಾಯಿಗೆ ಸಂಬಂಧಪಟ್ಟದ್ದಾ?

ಮಾಮ್ ಎಂದು ಓದಿ ಹಾಗಂದುಕೊಂಡವರು ಬಹಳ. ಅದು ಅಮ್ಮ ಅಲ್ಲ, ಒಂದು ಅಳತೆ. ನಿಮ್ಮಷ್ಟೇ ವಾರದ ಬಸುರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವರ ಬೆಲೆ 1. ನಿಮ್ಮದು ಅದರ ಎಷ್ಟು ಪಟ್ಟು ಎನ್ನುವುದೇ ಎಂಒಎಂ. ಡೌನ್ ಸಿಂಡ್ರೋಮಿನಲ್ಲಿ ಸಾಮಾನ್ಯವಾಗಿ ಪಾಪ್-ಎ ಅರ್ಧದಷ್ಟಕ್ಕೆ ಇಳಿದು ಬೀಟಾ ಎಚ್‌ಸಿಜಿ ಎರಡು ಪಟ್ಟಿನ ಹತ್ತಿರ ಇರುತ್ತದೆ. ಎಡ್ವರ್ಡ್ಸ್‌ನಲ್ಲಿ ಎರಡೂ ಇಳಿಯುತ್ತವೆ.

ಪಾಪ್-ಎ ಮಾತ್ರ 0.4ಕ್ಕಿಂತ ಕೆಳಗಿದ್ದು ಒಟ್ಟು ರಿಸ್ಕ್ ಕಡಿಮೆ ಬಂದಿದ್ದರೆ ಅನೇಕರು ರಿಪೋರ್ಟನ್ನು ಮಡಚಿ ಇಟ್ಟುಬಿಡುತ್ತಾರೆ. ಇಡಬೇಡಿ. ಪಾಪ್-ಎ ತಯಾರಾಗುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಅದು ಕಡಿಮೆ ಇದ್ದಾಗ ಮುಂದೆ ಬಿಪಿ ಏರುವ, ಮಗುವಿನ ತೂಕ ಹಿಂದೆ ಬೀಳುವ ಸಾಧ್ಯತೆ ಸ್ವಲ್ಪ ಹೆಚ್ಚು. ಬಿಪಿಯ ಅಪಾಯ ಹೆಚ್ಚಿದೆ ಎಂದು ಕಂಡವರಿಗೆ ಡಾಕ್ಟರು 16 ವಾರಕ್ಕೆ ಮೊದಲು ರಾತ್ರಿ ಒಂದು ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಬಹುದು, ಕೊನೆಯ ತಿಂಗಳುಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ಹೆಚ್ಚಿಸಬಹುದು. ಮಾತ್ರೆಯನ್ನು ನೀವಾಗಿ ತೆಗೆದುಕೊಳ್ಳಬೇಡಿ, ಕೇಳಿ.

ಇನ್ನೊಂದು ಲ್ಯಾಬಿನಲ್ಲಿ ಅದೇ ಡಬಲ್ ಮಾರ್ಕರ್ ಮತ್ತೆ ಮಾಡಿಸಿ ನೋಡುವುದಾ?

ಬೇಡ. ಎರಡನೇ ನಂಬರ್ ಚೆಂದ ಬಂದರೆ ಅದನ್ನು ನಂಬಬೇಕೆನಿಸುತ್ತದೆ, ಆದರೆ ಮೊದಲನೆಯದ್ದು ಅಳಿಸಿಹೋಗುವುದಿಲ್ಲ. ಡಬಲ್ ಮಾರ್ಕರ್ ಹೈ ಬಂದ ಮೇಲೆ ಕ್ವಾಡ್ರುಪಲ್ ಮಾಡಿಸಿ ಕಾಯುವುದೂ ಇದೇ ತಪ್ಪು, ಮೂರು ನಾಲ್ಕು ವಾರ ಕಳೆದುಹೋಗುತ್ತದೆ. ಫಾರ್ಮಿನ ವಿವರ ತಪ್ಪಿದ್ದರೆ ಲೆಕ್ಕ ತಿದ್ದಿಸಿ. ವಿವರ ಸರಿಯಿದ್ದರೆ ಮೇಲಿನ ಮೆಟ್ಟಿಲಿಗೆ ಹೋಗಿ, ಅಂದರೆ ಎನ್‌ಐಪಿಟಿ ಅಥವಾ ಸೂಜಿಯ ಟೆಸ್ಟ್.

ರಕ್ತ ಸರಿ ಇದೆ, ಎನ್‌ಟಿ ಮಾತ್ರ 3.8 ಅಂದರು.

3.5 ಮಿ.ಮೀ. ಮತ್ತು ಅದಕ್ಕೂ ಹೆಚ್ಚಿನ ಎನ್‌ಟಿಯನ್ನು ಪ್ರತ್ಯೇಕವಾಗಿಯೇ ನೋಡಬೇಕು. ಕ್ರೋಮೋಸೋಮಿನ ವಿಷಯ ಮಾತ್ರವಲ್ಲ, ಹೃದಯದ ರಚನೆಯ ತೊಂದರೆಯಲ್ಲೂ, ಕೆಲವು ಸೂಕ್ಷ್ಮ ಜೀನ್ ಬದಲಾವಣೆಗಳಲ್ಲೂ ಹೀಗಾಗುತ್ತದೆ. ಇಲ್ಲಿ ಎನ್‌ಐಪಿಟಿ ಸಾಕಾಗುವುದಿಲ್ಲ. ಸೂಜಿಯ ಟೆಸ್ಟಿನ ಜೊತೆ ಮೈಕ್ರೋಅರೇ (ಕ್ರೋಮೋಸೋಮಿನ ತೀರಾ ಸಣ್ಣ ಏರುಪೇರನ್ನೂ ನೋಡುವ ಪರೀಕ್ಷೆ), ಆಮೇಲೆ ಮಗುವಿನ ಹೃದಯದ ಎಕೋ ಮಾಡಿಸಲು ಹೇಳುತ್ತಾರೆ. ಇವೆಲ್ಲ ಸರಿ ಬಂದರೆ ಆರೋಗ್ಯವಂತ ಮಗು ಹುಟ್ಟುವ ಸಾಧ್ಯತೆಯೇ ಹೆಚ್ಚು.

## ಎನ್‌ಐಪಿಟಿ

99% ಕರೆಕ್ಟ್ ಅಂತಾರಲ್ಲ. ನೇರ ಅದನ್ನೇ ಮಾಡಿಸಿದರೆ ಆಗದಾ?

ಆಗುತ್ತದೆ. ಆದರೆ 99ರ ಅರ್ಥ ಗೊತ್ತಿದ್ದು ಮಾಡಿಸಿ.

ಬಸುರಿಯ ರಕ್ತದಲ್ಲಿ ಮಾಸಿನಿಂದ ಬಂದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ ಎಂದು 1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ಆ ಚೂರುಗಳನ್ನು ಎಣಿಸುವುದೇ ಎನ್‌ಐಪಿಟಿ. 21ನೇ ಕ್ರೋಮೋಸೋಮಿನ ಚೂರುಗಳು ಇರಬೇಕಾದ್ದಕ್ಕಿಂತ ಜಾಸ್ತಿ ಕಂಡರೆ ಹೈ ರಿಸ್ಕ್. ಡೌನ್ ಸಿಂಡ್ರೋಮ್ ಇರುವ ನೂರು ಬಸಿರಿನಲ್ಲಿ 99ನ್ನು ಅದು ಹಿಡಿಯುತ್ತದೆ. 99 ಎನ್ನುವುದು ಅದಕ್ಕೆ ಸಂಬಂಧಿಸಿದ್ದು. "ಪಾಸಿಟಿವ್ ಬಂದರೆ 99% ಖಚಿತ" ಎಂದಲ್ಲ.

ಮೊದಲಿನ 10,000 ಬಸುರಿಯರನ್ನೇ ತೆಗೆದುಕೊಳ್ಳಿ. ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಹತ್ತೂ ಸಿಕ್ಕಿದವು. ತಪ್ಪು ಎಚ್ಚರಿಕೆ ಸಾವಿರಕ್ಕೆ ಒಂದು ಎಂದಿಟ್ಟುಕೊಂಡರೆ ಇನ್ನೂ ಹತ್ತು ಜನರಿಗೆ ಸುಮ್ಮನೆ ಪಾಸಿಟಿವ್ ಬಂತು. ಅಂದರೆ ಪಾಸಿಟಿವ್ ಬಂದ ಇಪ್ಪತ್ತರಲ್ಲಿ ಹತ್ತು ಮಾತ್ರ ನಿಜ. ಅದೇ 40 ವರ್ಷದವರಾದರೆ 10,000ದಲ್ಲಿ ನೂರು ಮಕ್ಕಳಿಗೆ ಇರುತ್ತದೆ, ತಪ್ಪು ಎಚ್ಚರಿಕೆ ಅದೇ ಹತ್ತು; ಪಾಸಿಟಿವ್ ಬಂದ ಹತ್ತರಲ್ಲಿ ಒಂಬತ್ತು ನಿಜ. ಒಂದೇ ಟೆಸ್ಟ್, ಒಂದೇ ಯಂತ್ರ, ವಯಸ್ಸು ಬೇರೆಯಾದಾಗ ಅರ್ಥ ಬೇರೆ.

18 ಮತ್ತು 13ಕ್ಕೆ ಪಾಸಿಟಿವ್ ಬಂದಾಗ ಅದು ನಿಜವಾಗುವ ಪಾಲು ಇನ್ನೂ ಕಡಿಮೆ. ಹೆಚ್ಚು ಹಣಕ್ಕೆ ಮೈಕ್ರೋಡಿಲೀಷನ್ (ಕ್ರೋಮೋಸೋಮಿನ ಸಣ್ಣ ಚೂರು ಇಲ್ಲದಿರುವುದು) ಎಂದೆಲ್ಲ ಸೇರಿಸಿ ಕೊಡುವ ದೊಡ್ಡ ಪ್ಯಾಕೇಜಿನಲ್ಲಿ ಮತ್ತಷ್ಟು ಕಡಿಮೆ. ಸಾಮಾನ್ಯ ಬಸಿರಿಗೆ ಆ ಪ್ಯಾಕೇಜಿನ ಅಗತ್ಯ ನನಗೆ ಕಾಣುವುದಿಲ್ಲ.

ಎನ್‌ಐಪಿಟಿಯೂ ಪಾಸಿಟಿವ್ ಬಂತು. ಇನ್ನು ಸೂಜಿ ಯಾಕೆ, ಸೀದಾ ತೆಗೆಸಿಬಿಡುವ ಅಂತ ಮನೆಯಲ್ಲಿ ಹೇಳ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಆ ಡಿಎನ್‌ಎ ಬಂದದ್ದು ಮಾಸಿನಿಂದ, ಮಗುವಿನಿಂದಲ್ಲ. ಕೆಲವೊಮ್ಮೆ ಮಾಸಿನಲ್ಲಿ ಮಾತ್ರ ಹೆಚ್ಚುವರಿ ಕ್ರೋಮೋಸೋಮ್ ಇದ್ದು ಮಗುವಿನಲ್ಲಿ ಇರುವುದಿಲ್ಲ. ಅವಳಿಯಾಗಿ ಶುರುವಾಗಿ ಒಂದು ಮೊದಲೇ ಕರಗಿಹೋಗಿದ್ದರೆ ಅದರ ಗುರುತು ರಕ್ತದಲ್ಲಿ ಉಳಿದಿರಬಹುದು. ತಾಯಿಯ ಸ್ವಂತ ಕ್ರೋಮೋಸೋಮಿನ ಸಣ್ಣ ವ್ಯತ್ಯಾಸವೂ ಕಾರಣವಾಗಬಹುದು. ಎನ್‌ಐಪಿಟಿಯೂ ಸ್ಕ್ರೀನಿಂಗೇ. ಅದೊಂದನ್ನೇ ನಂಬಿ ಬಸಿರು ತೆಗೆಸಿದರೆ, ಸರಿಯಾಗಿದ್ದ ಮಗುವನ್ನು ಕಳೆದುಕೊಂಡಿರಬಹುದು ಎಂಬ ಸಂಶಯ ಜನ್ಮವಿಡೀ ಉಳಿಯುತ್ತದೆ.

ಹತ್ತು ದಿನ ಕಾದು 'ರಿಸಲ್ಟ್ ಬರಲಿಲ್ಲ' ಅಂದರು. ರಕ್ತ ಹಾಳಾಯಿತಾ?

ಹೆಚ್ಚಾಗಿ ಮಾಸಿನ ಡಿಎನ್‌ಎ ಸಾಕಷ್ಟು ಇರಲಿಲ್ಲ ಎಂದರ್ಥ. ಅನೇಕ ಲ್ಯಾಬುಗಳಿಗೆ ಒಟ್ಟು ಚೂರುಗಳಲ್ಲಿ ಶೇಕಡಾ 4ರಷ್ಟಾದರೂ ಬೇಕು. ತುಂಬ ಬೇಗ ರಕ್ತ ಕೊಟ್ಟರೆ, ತೂಕ ಹೆಚ್ಚಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ನಡೆಯುತ್ತಿದ್ದರೆ ಹೀಗಾಗುತ್ತದೆ. ಮತ್ತೊಮ್ಮೆ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಉತ್ತರ ಸಿಗುತ್ತದೆ. ಎರಡನೇ ಸಲವೂ ಬರದಿದ್ದರೆ ಮೂರನೆಯದ್ದಕ್ಕೆ ಕಾಯಬೇಡಿ. 18 ಮತ್ತು 13ರ ತೊಂದರೆಯಲ್ಲಿ ಮಾಸು ಸಣ್ಣದಿದ್ದು ಹೀಗಾಗುವುದುಂಟು.

## ಸೂಜಿಯ ಟೆಸ್ಟ್ ಮತ್ತು ಸ್ಕ್ಯಾನ್

ಹೊಟ್ಟೆಗೆ ಸೂಜಿ ಹಾಕಿದರೆ ಮಗು ಹೋಗ್ತದಂತೆ?

ಎರಡು ವಿಧ ಉಂಟು. 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆಯುವುದು ಸಿವಿಎಸ್. 15 ವಾರ ತುಂಬಿದ ಮೇಲೆ ಮಗುವಿನ ಸುತ್ತಲಿನ ನೀರನ್ನು 15ರಿಂದ 20 ಎಂ.ಎಲ್. ತೆಗೆಯುವುದು ಆಮ್ನಿಯೋ. ಸ್ಕ್ಯಾನಿನ ಪರದೆಯಲ್ಲಿ ಮಗು ಎಲ್ಲಿದೆ ಎಂದು ನೋಡುತ್ತಲೇ ಸೂಜಿ ಹಾಕುತ್ತಾರೆ. ಕೆಲವೇ ನಿಮಿಷದ ಕೆಲಸ. ಪಳಗಿದ ಕೈಯಲ್ಲಿ ಇದರಿಂದ ಬಸಿರು ಹೋಗುವ ಹೆಚ್ಚುವರಿ ಸಾಧ್ಯತೆ 200ಕ್ಕೆ ಒಂದಕ್ಕಿಂತಲೂ ಕಡಿಮೆ.

ಸೂಜಿಗೆ ಮೊದಲು ಫಾರ್ಮ್ ಜಿ ಎನ್ನುವ ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿ ಬೇಕು. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಒಂದು ಪ್ರತಿ ನಿಮಗೆ ಕೊಡಬೇಕು. ಓದಿಯೇ ಸಹಿ ಹಾಕಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ನೆನಪಿಸಿ, ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ಆಮೇಲೆ ಒಂದೆರಡು ದಿನ ಭಾರ ಎತ್ತದಿದ್ದರೆ ಸಾಕು. ತಿಂಗಳುಗಟ್ಟಲೆ ಮಲಗುವ ಅಗತ್ಯವಿಲ್ಲ. ನೀರು ಹೋದರೆ, ರಕ್ತ ಕಂಡರೆ, ಜ್ವರ ಬಂದರೆ ತಕ್ಷಣ ಹೋಗಿ.

21, 18, 13ರ ಬೇಗದ ಉತ್ತರ ಕೆಲವು ದಿನಗಳಲ್ಲಿ ಸಿಗುತ್ತದೆ. ಪೂರ್ತಿ ಕ್ರೋಮೋಸೋಮ್ ಚಿತ್ರ, ಅಂದರೆ ಕ್ಯಾರಿಯೋಟೈಪ್, ಬರಲು ಎರಡು ಮೂರು ವಾರ ಬೇಕು.

ಅನಾಮಲಿ ಸ್ಕ್ಯಾನಿನಲ್ಲಿ ಮಗುವಿನ ಹೃದಯದಲ್ಲಿ ಬಿಳಿ ಚುಕ್ಕೆ ಕಂಡಿತಂತೆ. ಹಾರ್ಟಿನ ಆಪರೇಷನ್ ಬೇಕಾಗ್ತದಾ?

ಇಲ್ಲ. ಅದು ಹೃದಯದ ಕಾಯಿಲೆಯೇ ಅಲ್ಲ. ಒಳಗಿನ ಸಣ್ಣ ಸ್ನಾಯು ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆದದ್ದು. ಸರಿಯಾಗಿರುವ ಮಕ್ಕಳಲ್ಲೂ ನೂರಕ್ಕೆ ಮೂರು ನಾಲ್ಕರಲ್ಲಿ ಕಾಣುತ್ತದೆ. ಮೊದಲಿನ ಸ್ಕ್ರೀನಿಂಗ್ ಲೋ ರಿಸ್ಕ್ ಇದ್ದು ಉಳಿದೆಲ್ಲ ಸರಿ ಇದ್ದರೆ ಅಲ್ಲಿಗೆ ಬಿಡಬಹುದು. ಮೆದುಳಿನ ಸಣ್ಣ ನೀರಿನ ಗುಳ್ಳೆಯೂ ಹೀಗೆಯೇ. ಮೂಗಿನ ಎಲುಬು ಕಾಣದಿರುವುದು, ಕತ್ತಿನ ಹಿಂದಿನ ಚರ್ಮ 6 ಮಿ.ಮೀ. ಅಥವಾ ಹೆಚ್ಚಿರುವುದು, ಇವಕ್ಕೆ ಮಾತ್ರ ತೂಕ ಜಾಸ್ತಿ. ಇವು ಬಂದರೆ ಮತ್ತೆ ಕೂತು ಮಾತಾಡಬೇಕು.

ಕ್ರೋಮೋಸೋಮೇ ನೋಡ್ತಾರಲ್ಲ, ಗಂಡಾ ಹೆಣ್ಣಾ ಅಂತ ಹೇಳಬಹುದಾ?

ಹೇಳುವುದಿಲ್ಲ. ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಹೇಳುವುದೂ ಕೇಳುವುದೂ ಅಪರಾಧ. ಗಲ್ಫಿನಲ್ಲಿರುವ ಯಜಮಾನರು ಅಲ್ಲಿಯ ಅಭ್ಯಾಸದಲ್ಲಿ ಕೇಳಿದರೂ ಉತ್ತರ ಇದೇ.

## ಮನೆ, ಸಂಬಂಧ, ಮುಂದಿನ ದಾರಿ

ನಾನು ಸೋದರಮಾವನ ಮಗನನ್ನೇ ಮದುವೆ ಆದದ್ದು. ಹೈ ರಿಸ್ಕ್ ಬಂದದ್ದು ಅದರಿಂದಲಾ?

ಡೌನ್ ಸಿಂಡ್ರೋಮಿಗೂ ಸಂಬಂಧದೊಳಗಿನ ಮದುವೆಗೂ ನಂಟಿಲ್ಲ. ಆದರೆ ನೀವು ಹೇಳಿದ್ದು ಒಳ್ಳೆಯದಾಯಿತು, ಅದು ಬೇರೆ ಕಾರಣಕ್ಕೆ ಮುಖ್ಯ. ಇಬ್ಬರಿಗೂ ಒಂದೇ ಅಜ್ಜ ಅಜ್ಜಿಯಿಂದ ಒಂದೇ ದೋಷದ ಜೀನ್ ಬಂದಿದ್ದರೆ, ಇಬ್ಬರಲ್ಲೂ ಅದು ಸುಮ್ಮನಿದ್ದು ಮಗುವಿನಲ್ಲಿ ಜೋಡಿಯಾಗಿ ಕಾಯಿಲೆಯಾಗಬಹುದು. ಯಾವ ದಂಪತಿಗಾದರೂ ಮಗುವಿಗೆ ಹುಟ್ಟಿನ ತೊಂದರೆ ಇರುವ ಸಾಧ್ಯತೆ ನೂರಕ್ಕೆ ಸುಮಾರು ಮೂರು; ಮಾವನ ಮಗ, ಅತ್ತೆಯ ಮಗ ಎಂಬ ಸಂಬಂಧದಲ್ಲಿ ಅದು ಐದು ಆರರ ಹತ್ತಿರ. ಸ್ವಂತ ಸೋದರಮಾವನನ್ನೇ ಆಗಿದ್ದರೆ ಇನ್ನೂ ಸ್ವಲ್ಪ ಮೇಲೆ. ಈ ತೊಂದರೆಗಳಲ್ಲಿ ಹೆಚ್ಚಿನವು ಡಬಲ್ ಮಾರ್ಕರಿನಲ್ಲೂ ಎನ್‌ಐಪಿಟಿಯಲ್ಲೂ ಕಾಣುವುದಿಲ್ಲ. ಮನೆಯಲ್ಲಿ ಸಣ್ಣದರಲ್ಲೇ ತೀರಿಹೋದ ಮಕ್ಕಳು, ಕಿವಿ ಕೇಳದವರು, ನಡೆಯಲಾಗದವರು ಇದ್ದರೆ ಹೆಸರು ಸಮೇತ ವಂಶದ ಪಟ್ಟಿ ಮಾಡಿಕೊಂಡು ಬನ್ನಿ. ಅಜ್ಜಿಯರಿಗೆ ಇದೆಲ್ಲ ಚೆನ್ನಾಗಿ ನೆನಪಿರುತ್ತದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್‌ಗೇ ಪ್ರತ್ಯೇಕ ವಿಭಾಗವಿದೆ. ಈ ಬಗೆಯ ಪ್ರಶ್ನೆಗೆ ನಮ್ಮ ಕರಾವಳಿಯವರು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ನನಗೆ ಥಲಸ್ಸೀಮಿಯಾ ಮೈನರ್ ಅಂತ ಬಂತು. ಇವರು ಕುವೈಟಿನಲ್ಲಿದ್ದಾರೆ, ಬರುವುದು ಮೇ ತಿಂಗಳಲ್ಲಿ.

ಮೇ ತನಕ ಕಾಯಬೇಡಿ. ಮೈನರ್ ಎಂದರೆ ನೀವು ಜೀನಿನ ವಾಹಕರು ಅಷ್ಟೇ, ನಿಮಗೆ ಕಾಯಿಲೆ ಇಲ್ಲ. ಗಂಡನೂ ವಾಹಕರಾಗಿದ್ದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕಕ್ಕೆ ಒಂದು. ಆ ಮಗುವಿಗೆ ತಿಂಗಳು ತಿಂಗಳು ರಕ್ತ ಕೊಡಬೇಕಾಗುತ್ತದೆ. ಅವರು ಅಲ್ಲಿಯೇ ರಕ್ತಪರೀಕ್ಷೆಯ ಜೊತೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿ ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಲಿ. ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ಅವರೂ ವಾಹಕರಿರಬಹುದು, ಆಗ ಇಬ್ಬರ ಜೀನ್ ಪರೀಕ್ಷೆಯಾಗಿ ಸಿವಿಎಸ್ ಮಾಡಬೇಕು. ಅದಕ್ಕೆ ವಾರಗಳು ಬೇಕು. ಅವರದ್ದು ಸರಿ ಬಂದರೆ ಅಲ್ಲಿಗೆ ಚಿಂತೆ ಮುಗಿಯಿತು.

ಗ್ರಹಣದ ದಿನ ಹೊರಗೆ ಹೋಗಿದ್ದೆ. ಮನೆಯಲ್ಲಿ ನಾಗದೋಷ ಅಂತಲೂ ಹೇಳ್ತಾರೆ. ನನ್ನ ತಪ್ಪಾ ಇದು?

ಅಲ್ಲ. ಅಂಡಗಳು ನೀವು ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಇರುವಾಗಲೇ ತಯಾರಾಗಿ, ಅರ್ಧ ವಿಭಜನೆಗೇ ನಿಂತು, ವರ್ಷಗಟ್ಟಲೆ ಕಾದಿರುತ್ತವೆ. ಆ ವಿಭಜನೆ ಮುಗಿಯುವಾಗ ಒಂದು ಕ್ರೋಮೋಸೋಮ್ ಸರಿಯಾಗಿ ಬೇರೆಯಾಗದೆ ಉಳಿದರೆ ಹೀಗಾಗುತ್ತದೆ. ಬಸಿರು ನಿಂತ ದಿನವೇ ಕ್ರೋಮೋಸೋಮಿನ ಲೆಕ್ಕ ಮುಗಿದಿರುತ್ತದೆ. ಆಮೇಲೆ ತಿಂದ ಪಪ್ಪಾಯಿ, ನೋಡಿದ ಗ್ರಹಣ, ಹತ್ತಿದ ಮೆಟ್ಟಿಲು ಯಾವುದೂ ಅದನ್ನು ಬದಲಿಸಲಾರದು.

ನಾಗತಂಬಿಲ, ಆಶ್ಲೇಷಾ ಬಲಿ ಮಾಡಿಸುವುದಿದ್ದರೆ ಮಾಡಿಸಿ, ಕುಕ್ಕೆಗೆ ಹೋಗಿ ಬನ್ನಿ. ಮನಸ್ಸಿಗೆ ಸಮಾಧಾನ ಬೇಕು. ಅದಕ್ಕಾಗಿ ಟೆಸ್ಟಿನ ವಾರ ದಾಟಿಸಬೇಡಿ. ಸೊಸೆಯನ್ನು ಕರೆದುಕೊಂಡು ಬರುವ ಅತ್ತೆಯಂದಿರ ಹತ್ತಿರ ನನ್ನದೊಂದೇ ಬೇಡಿಕೆ: ಆ ಹುಡುಗಿಯ ಎದುರು ಕಾರಣ ಹುಡುಕುತ್ತ ಕೂರಬೇಡಿ, ಅಮ್ಮಾ. ಅವಳು ಈಗಾಗಲೇ ಒಳಗೊಳಗೇ ಹುಡುಕುತ್ತಿರುತ್ತಾಳೆ.

ಆಮ್ನಿಯೋದಲ್ಲಿ ಡೌನ್ ಸಿಂಡ್ರೋಮ್ ಉಂಟು ಅಂತಲೇ ಬಂತು. ಇನ್ನು ಎಂತ ಮಾಡುವುದು? ಎಷ್ಟು ದಿನ ಉಂಟು?

ಮೊದಲು ಕಾನೂನಿನ ಮಾತು. ಬಸಿರು ತೆಗೆಸುವುದಾದರೆ, 2021ರಲ್ಲಿ ತಿದ್ದಿದ ಎಂಟಿಪಿ (ಗರ್ಭಪಾತದ) ಕಾಯ್ದೆಯಂತೆ 20 ವಾರದವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ, ಭ್ರೂಣದಲ್ಲಿ ಗಂಭೀರ ತೊಂದರೆ ಕಂಡ ಸಂದರ್ಭದಲ್ಲಿ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು. 24 ದಾಟಿದ ಮೇಲೆ ಮೆಡಿಕಲ್ ಬೋರ್ಡ್ ತೀರ್ಮಾನಿಸಬೇಕು. 18 ವರ್ಷ ತುಂಬಿದ ಹೆಂಗಸಿನ ಬಸಿರು ತೆಗೆಸಲು ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ, ಅತ್ತೆ ಮಾವನ ಸಹಿ ಕಾನೂನಿಗೆ ಬೇಕಿಲ್ಲ. 12ನೇ ವಾರದಲ್ಲಿ ಸ್ಕ್ರೀನಿಂಗ್ ಆದವರಿಗೆ ಯೋಚಿಸಲು ವಾರಗಳು ಸಿಗುತ್ತವೆ, 20ರಲ್ಲಿ ಶುರು ಮಾಡಿದವರಿಗೆ ದಿನಗಳು ಮಾತ್ರ.

ಇನ್ನೊಂದು ದಾರಿ ಬಸಿರು ಮುಂದುವರಿಸುವುದು. ಅದನ್ನು ಆರಿಸುವವರಿಗೆ ನಾನು ಬಣ್ಣ ಹಚ್ಚಿಯೂ ಹೇಳುವುದಿಲ್ಲ, ಹೆದರಿಸಿಯೂ ಹೇಳುವುದಿಲ್ಲ. ಕಲಿಕೆ ನಿಧಾನ. ಹೃದಯ, ಥೈರಾಯ್ಡ್, ಕಿವಿ, ಕಣ್ಣು ಆಗಾಗ ತೋರಿಸಬೇಕು. ಮೊದಲ ತಿಂಗಳುಗಳಿಂದಲೇ ಫಿಸಿಯೋಥೆರಪಿ, ಆಮೇಲೆ ಮಾತಿನ ತರಬೇತಿ ಬೇಕು. ಹೆಚ್ಚಿನ ಮಕ್ಕಳು ನಡೆಯುತ್ತಾರೆ, ಮಾತಾಡುತ್ತಾರೆ, ಮನೆಯವರನ್ನು ಹಚ್ಚಿಕೊಳ್ಳುತ್ತಾರೆ, ದೊಡ್ಡವರಾಗಿ ಸಣ್ಣಪುಟ್ಟ ಕೆಲಸ ಮಾಡುವವರೂ ಇದ್ದಾರೆ. ಎಷ್ಟರ ಮಟ್ಟಿಗೆ ಎಂದು ಯಾವ ಟೆಸ್ಟೂ ಬಸಿರಿನಲ್ಲಿ ಹೇಳಲಾರದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ನಿರ್ಧಾರ ಮಾಡುವ ಮೊದಲು ಅಂಥ ಮಗುವಿನ ಅಪ್ಪ ಅಮ್ಮ ಒಬ್ಬರ ಜೊತೆ ಅರ್ಧ ಗಂಟೆ ಕೂತು ಬನ್ನಿ. ಅವರು ಹೇಳುವುದನ್ನು ಹೇಳಲು ನನ್ನಿಂದಾಗುವುದಿಲ್ಲ.

ಎರಡರಲ್ಲಿ ಯಾವುದನ್ನು ಆರಿಸಿದರೂ ನೀವು ಕೆಟ್ಟ ತಾಯಿ ಅಲ್ಲ. "ನೀವಾಗಿದ್ದರೆ ಎಂತ ಮಾಡ್ತಿದ್ರಿ?" ಎಂದು ಹೆಚ್ಚಿನವರು ಕೇಳುತ್ತಾರೆ. ನಾನು ಉತ್ತರಿಸುವುದಿಲ್ಲ. ಆ ಮನೆಯಲ್ಲಿ ನಾಳೆಯಿಂದ ಬದುಕುವವಳು ನಾನಲ್ಲ.

ಮುಂದಿನ ಬಸಿರಿನಲ್ಲಿ ಮತ್ತೆ ಹೀಗೇ ಆಗ್ತದಾ?

ಆಗದಿರುವ ಸಾಧ್ಯತೆಯೇ ಹೆಚ್ಚು. ಸಾಮಾನ್ಯ ಬಗೆಯ ಡೌನ್ ಸಿಂಡ್ರೋಮ್ ಆಗಿದ್ದರೆ ಮತ್ತೆ ಬರುವುದು ನೂರಕ್ಕೆ ಸುಮಾರು ಒಂದು. ನಿಮ್ಮ ವಯಸ್ಸಿನ ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಅದೇ ಲೆಕ್ಕ. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಆ ಹೆಚ್ಚುವರಿ 21 ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಇದನ್ನು ಟ್ರಾನ್ಸ್‌ಲೊಕೇಷನ್ ಎನ್ನುತ್ತಾರೆ. ಆಗ ಗಂಡ ಹೆಂಡತಿ ಇಬ್ಬರ ಕ್ಯಾರಿಯೋಟೈಪೂ ಆಗಬೇಕು. ತಾಯಿ ವಾಹಕರಾಗಿದ್ದರೆ ಮತ್ತೆ ಬರುವುದು ನೂರಕ್ಕೆ ಹತ್ತರಿಂದ ಹದಿನೈದು, ತಂದೆಯಾಗಿದ್ದರೆ ಅದಕ್ಕಿಂತ ತುಂಬ ಕಡಿಮೆ. ವಾಹಕರ ಅಕ್ಕ ತಂಗಿ ಅಣ್ಣ ತಮ್ಮಂದಿರಿಗೂ ವಿಷಯ ತಿಳಿಸಬೇಕು.

ಯಾವ ಬಗೆಯದ್ದು ಎಂದು ಗೊತ್ತಾಗುವುದು ಕ್ಯಾರಿಯೋಟೈಪ್ ರಿಪೋರ್ಟಿನಿಂದ ಮಾತ್ರ, ಬೇಗದ ಉತ್ತರದಿಂದಲ್ಲ. ದುಃಖದಲ್ಲಿ ಆ ಹಾಳೆಯನ್ನು ಹರಿದು ಹಾಕಿದವರನ್ನು ನೋಡಿದ್ದೇನೆ, ಅರ್ಥವಾಗುತ್ತದೆ. ನೀವು ಮಾತ್ರ ಅದನ್ನು ಅಮ್ಮನ ಮನೆಯ ಕಪಾಟಿನಲ್ಲಾದರೂ ಇಡಿ, ಫೋನಿನಲ್ಲೂ ಒಂದು ಫೋಟೋ ಇರಲಿ. ಮುಂದಿನ ಬಸಿರಿನ ಮೊದಲ ಭೇಟಿಯಲ್ಲಿ ಡಾಕ್ಟರು ಮೊದಲು ಕೇಳುವುದು ಅದನ್ನೇ.